ಎರಡನೇ ದಿನದ ಮೈ

“ಇವನು ಒಂದು ದಿನದ ಕುದುರೆ ಕಣ್ರಪ್ಪಾ. ಶನಿವಾರ ಓಡಿಸಿ, ಭಾನುವಾರ ಕಡಿದು ಹಂಚ್ಕೊಳ್ಳಿ.”

ನಮ್ಮ ಕುಸ್ತಿ ಮೇಷ್ಟ್ರು ಬೈಸಾಲ್, ಮೇಷ್ಟ್ರು ಅನ್ನುವ ಅರ್ಥದಲ್ಲಿ ಎಲ್ಲರೂ ‘ಆಗಾಯ್’ ಅಂತ ಕರೆಯುವವರು, ಇದನ್ನು ಹೇಳಿದ್ದು ಬಾಲಿಕ್ಚಿಯ ಕ್ರೀಡಾಂಗಣದ ಊಟದ ಕೋಣೆಯಲ್ಲಿ, ಮೂರು ಜಿಲ್ಲೆಯ ಪೈಲ್ವಾನರು ಕುರಿ ಸಾರಿನ ಬಟ್ಟಲಿಗೆ ಬಾಯಿಟ್ಟು ಕೂತಿದ್ದಾಗ. ಸ್ವಲ್ಪ ಹೊತ್ತಿನ ಮುಂಚೆ ನನ್ನನ್ನು ಚಿತ್ ಮಾಡಿದ್ದ ನಾರಿನ್‌ನ ಹುಡುಗನೂ ಅಲ್ಲಿದ್ದ. ಅವನು ನಗಲಿಲ್ಲ. ಅವನ ಪಕ್ಕದವನು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಬಡಿಸುತ್ತಿದ್ದ ಹೆಂಗಸೊಬ್ಬಳು ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವನಲ್ಲಿ ಏನಿದೆ ಆಗಾಯ್, ಬರೀ ಮೂಳೆ. ಒಂದು ಮನೆಗೂ ಸಾಲಲ್ಲ,” ಅಂದಳು.

ಆಗಾಯ್ ಸುಳ್ಳು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಬಟ್ಟಲು ಎತ್ತಲು ಹೋದೆ, ಬೆರಳು ಮಡಚಲಿಲ್ಲ. ಪ್ರತಿ ಸಲವೂ ಇದೇ ಕಥೆ. ನಮ್ಮದು ಸೊಂಟಪಟ್ಟಿ ಹಿಡಿದು ಆಡುವ ಕುಸ್ತಿ. ಎದುರಾಳಿಯ ಪಟ್ಟಿಯಿಂದ ಕೈ ಜಾರಿತೋ, ಮುಗಿಯಿತು. ಶನಿವಾರ ನನ್ನ ಮುಷ್ಟಿಗೆ ಬೀಗ ಬಿದ್ದ ಹಾಗೆ ಇರುತ್ತದೆ, ಒಬ್ಬರಾದ ಮೇಲೆ ಒಬ್ಬರನ್ನು ಎತ್ತಿ ಹಾಕುತ್ತೇನೆ. ರಾತ್ರಿ ಕಳೆಯುವುದರೊಳಗೆ ಮುಂಗೈ ಊದಿ ಕೊರಡಾಗುತ್ತದೆ, ತೊಡೆ ಉರಿಯುತ್ತದೆ, ಭಾನುವಾರ ಚಹಾದ ಬಟ್ಟಲು ಹಿಡಿಯಲೂ ಎರಡು ಕೈ ಬೇಕು. ನಮ್ಮ ಪಂದ್ಯಗಳೆಲ್ಲ ಎರಡು ದಿನದವು. ಫೈನಲ್ ಯಾವಾಗಲೂ ಭಾನುವಾರ.

ಮಾರ್ಚ್ ಕೊನೆಗೆ ಕರಾಕೋಲ್‌ನಲ್ಲಿ ಆಯ್ಕೆಯ ಪಂದ್ಯ ಇತ್ತು. ನನ್ನ ತೂಕದಲ್ಲಿ ಗೆದ್ದ ಒಬ್ಬನೇ ದೇಶದ ತಂಡಕ್ಕೆ. ಸೋತರೆ ಆಗಾಯ್ ಇನ್ನು ನನ್ನನ್ನು ಕರೆದುಕೊಂಡು ಓಡಾಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ಆಮೇಲೆ ಚಿಕ್ಕಪ್ಪನ ಟೈರ್ ಅಂಗಡಿ, ಬದುಕಿರುವವರೆಗೂ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬೇರೆ ಬಾಗಿಲು ಯಾವುದಿತ್ತು? ನನಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ಭಾನುವಾರ, ಅಷ್ಟೆ.

ಆಗಾಯ್ ಅವರ ಅಪ್ಪ ಪಂದ್ಯದ ಕುದುರೆ ಪಳಗಿಸುವವರು. ಕುದುರೆ ಓಡಿ ಬಂದರೆ ಅದಕ್ಕೆ ನೀರು ತೋರಿಸುವುದಿಲ್ಲ, ಹುಲ್ಲು ತೋರಿಸುವುದಿಲ್ಲ. ಬೆನ್ನಿಗೆ ಕಂಬಳಿ ಹೊದಿಸಿ, ತಲೆ ಎತ್ತಿ ಕಟ್ಟಿ, ಬೆವರು ತಾನಾಗಿ ಆರುವವರೆಗೆ ನಿಲ್ಲಿಸುತ್ತಾರೆ. ಆಗಾಯ್ ನಮ್ಮನ್ನೂ ಹಾಗೇ ಸಾಕಿದರು. ಅಭ್ಯಾಸ ಮುಗಿದ ಮೇಲೆ ಕೋಟು ಹೊದ್ದು ಗೋಡೆಗೆ ಒರಗಿ ಕೂರಬೇಕು. ಒಂದು ಬಟ್ಟಲು ಬಿಸಿ ಚಹಾ. ಬೆವರು ಆರಿದ ಮೇಲೆ ಸಾರು, ರೊಟ್ಟಿ. ಹಣ್ಣು, ಹಣ್ಣಿನ ರಸ, ಮೊಸರು ಮಾರನೇ ದಿನದವರೆಗೆ ನಿಷಿದ್ಧ.

“ಹಣ್ಣು ತಂಪು,” ಅನ್ನುತ್ತಿದ್ದರು. “ಕಾದ ಕಲ್ಲಿಗೆ ತಣ್ಣೀರು ಸುರಿದ್ರೆ ಏನಾಗುತ್ತೆ?”

“ಸೀಳುತ್ತೆ ಆಗಾಯ್.”

“ಮಾಂಸಾನೂ ಅಷ್ಟೇ. ಉರೀಲಿ ಬಿಡಿ. ಉರಿದದ್ದೇ ಗಟ್ಟಿ ಆಗೋದು.”

ನಮ್ಮ ಸರೋವರದ ಸುತ್ತ ಯಾವ ಮನೆಯ ನೆಲಮಾಳಿಗೆಗೆ ಇಳಿದರೂ ಹುಳಿ ಚೆರಿಯ ರಸ ದೊಡ್ಡ ಗಾಜಿನ ಜಾಡಿಗಳಲ್ಲಿ ಸಾಲಾಗಿ ನಿಂತಿರುತ್ತದೆ. ಆ ಮನೆಗಳ ಹುಡುಗರು ನಾವು, ಚಳಿಗಾಲವಿಡೀ ಗೋಡೆಗೆ ಒರಗಿ ಒಣತುಟಿ ನೆಕ್ಕುತ್ತಿದ್ದೆವು.

ಫೆಬ್ರವರಿಯಲ್ಲಿ ಸರೋವರದ ದಡದ ಹಳೆಯ ಆರೋಗ್ಯಧಾಮವೊಂದರಲ್ಲಿ ಶಿಬಿರ ಶುರುವಾಯಿತು, ಕರಾಕೋಲ್‌ಗೆ ಹೊರಡುವವರೆಗೂ ಅಲ್ಲೇ ವಾಸ. ಎಂಟು ಪೈಲ್ವಾನರಿಗೆ ಒಂದೇ ಉದ್ದನೆಯ ಕೋಣೆ. ಅಲ್ಲಿಗೆ ರಾಜಧಾನಿ ಬಿಷ್ಕೆಕ್‌ನಿಂದ ಬೆಗಾಯಿಮ್ ಎಜೆ ಬಂದರು; ಅಕ್ಕನ ವಯಸ್ಸಿನವರನ್ನು ನಾವು ಎಜೆ ಅನ್ನುತ್ತೇವೆ. ಡಾಕ್ಟರು, ಮೂವತ್ತರ ಆಸುಪಾಸು, ಕೈಯಲ್ಲಿ ರಕ್ತದ ಸೀಸೆ ತಣ್ಣಗಿಡುವ ಪೆಟ್ಟಿಗೆ. ಕುಸ್ತಿ ಸಂಘದ ಮೇಲಿನವರು ಕಳಿಸಿದ್ದರಿಂದ ಆಗಾಯ್ ಅವರನ್ನು ವಾಪಸು ಅಟ್ಟುವ ಹಾಗಿರಲಿಲ್ಲ.

“ಮೊದಲು ಎಲ್ಲರ ರಕ್ತ ತಗೋತೀನಿ,” ಅಂದರು ಎಜೆ.

“ಎಷ್ಟು ಬೇಕು?” ಅಂದ ಜೊರೊ. ನಮ್ಮ ಪೈಕಿ ದೊಡ್ಡ ದೇಹ ಅವನದು, ನೂರಿಪ್ಪತ್ತು ಕಿಲೋ; ಮಂಚ ನನ್ನ ಪಕ್ಕದ್ದು. “ನನ್ನಲ್ಲಿ ಜಾಸ್ತಿ ಇದೆ ಎಜೆ, ಬಕೆಟ್ ತಂದಿದೀರಾ?”

ಎಜೆ ನಗುತ್ತಲೇ ವಿಷಯ ಹೇಳಿದರು. ಪ್ರತಿಯೊಬ್ಬನಿಗೂ ಅವನ ಹೆಸರಿನ ಕಪ್ಪು ಬಾಟಲಿಗಳು, ದಿನಾ ಬೆಳಗ್ಗೆ ಸಂಜೆ ಕುಡಿಯಬೇಕು. ಅರ್ಧ ಜನರ ಬಾಟಲಿಯಲ್ಲಿ ಹುಳಿ ಚೆರಿಯ ಗಟ್ಟಿ ರಸ. ಇನ್ನರ್ಧ ಜನರದ್ದರಲ್ಲಿ ಬಣ್ಣ, ಸಕ್ಕರೆ, ಹುಳಿ ಹಾಕಿದ ನೀರು. ವಾರ ಕಳೆಯುವ ಹೊತ್ತಿಗೆ ಒಂದು ದಿನ ಮೈ ಮುರಿಯುವಂಥ ಅಭ್ಯಾಸ. ಆಮೇಲೆ ಮತ್ತೆ ರಕ್ತ ತೆಗೆದು, ಯಾರ ಮೈಯಲ್ಲಿ ಎಷ್ಟು ಉರಿ, ಎಷ್ಟು ಊತ ಎಂದು ನೋಡುವುದು.

“ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಬಿಷ್ಕೆಕ್‌ನಲ್ಲಿ ನನ್ನ ಗೆಳತಿಗೆ ಮಾತ್ರ ಗೊತ್ತು. ನನಗೆ ಗೊತ್ತಾದ್ರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ. ಅವರವರ ಬಾಟಲಿ ಅವರವರೇ ಕುಡೀರಿ, ಆಯ್ತಾ?”

“ನೀರಿಗೆ ಬಣ್ಣ ಹಾಕಿ ಕುಡಿಸೋಕೆ ಡಾಕ್ಟರ್ ಓದಬೇಕಾ ಮಗಳೇ?” ಅಂದರು ಆಗಾಯ್. “ಬಜಾರಲ್ಲಿ ಶರಬತ್ತು ಮಾರೋಳೂ ಅದನ್ನೇ ಮಾಡ್ತಾಳೆ.”

“ಅವಳು ಮುಚ್ಚಿಟ್ಟು ಮಾಡ್ತಾಳೆ ಆಗಾಯ್. ನಾನು ಹೇಳಿ ಮಾಡ್ತೀನಿ.”

ಎಜೆ ಹೊರಟಾಗ ನಾನು ಹಜಾರದಲ್ಲಿ ಅಡ್ಡ ನಿಂತೆ.

“ನನಗೆ ನಿಜವಾದದ್ದೇ ಕೊಡಿ ಎಜೆ.”

“ಗೊತ್ತಿಲ್ಲ ಅಂದ್ನಲ್ಲ. ಎಲ್ಲಿ ನೋವು ನಿಂಗೆ?”

ಮುಂಗೈ ಚಾಚಿದೆ. ಅವರು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಬಾಲಿಕ್ಚಿಯಿಂದ ಬಂದು ವಾರವಾಗಿದ್ದರೂ ನಾನು ಹಲ್ಲು ಕಚ್ಚಿದೆ.

“ಮನೆ ಗೋಡೆ ಬಿರುಕು ಬಿಟ್ಟಿದೆ ಅನ್ಕೋ,” ಅಂದರು. “ರಿಪೇರಿಗೆ ಆಳು ಬರ್ತಾರೆ. ಬಂದ್ರೆ ಧೂಳು, ಗಲಾಟೆ, ಅಂಗಳದ ತುಂಬಾ ಇಟ್ಟಿಗೆ. ನಿನ್ನ ಈ ಊತ, ಉರಿ ಎಲ್ಲಾ ಅದೇ. ಆಳುಗಳ ಗಲಾಟೆ.”

“ಹಂಗಾದ್ರೆ ಒಳ್ಳೇದೇ ತಾನೆ. ಆಗಾಯ್ ಹೇಳೋದೂ ಅದೇ.”

“ಒಳ್ಳೇದೇ. ಗೋಡೆ ಮೊದಲಿಗಿಂತ ದಪ್ಪ ಕಟ್ಟಿ ಹೋಗ್ತಾರೆ. ಆದ್ರೆ ನಾಳೆ ಬೆಳಗ್ಗೆ ಅದೇ ಅಂಗಳದಲ್ಲಿ ಮದುವೆ ಇದ್ರೆ?”

ಎಜೆ ನನ್ನ ಮುಂಗೈ ಬಿಟ್ಟರು.

“ಆಗ, ಸ್ವಲ್ಪ ಮೆತ್ತಗೆ ಮಾಡ್ರಪ್ಪಾ ಅಂತ ಆಳುಗಳಿಗೆ ಯಾರಾದ್ರೂ ಹೇಳ್ಬೇಕು. ಚೆರಿಯ ಕೆಂಪು ಬಣ್ಣದಲ್ಲಿ ಇರೋ ಸತ್ವ ಹಾಗೆ ಹೇಳುತ್ತೆ ಅಂತ ಬೇರೆ ದೇಶದ ಓಟಗಾರರಲ್ಲಿ ಕಂಡಿದೆ. ಎಲ್ಲರಲ್ಲೂ ಅಲ್ಲ, ಪ್ರತಿ ಸಲಾನೂ ಅಲ್ಲ. ನಿಮ್ಮಂಥ ಪಟ್ಟಿ ಹಿಡಿಯೋರಲ್ಲಿ ಯಾರೂ ನೋಡಿಲ್ಲ. ಅದಕ್ಕೇ ಇಷ್ಟು ದೂರ ಬಂದೆ.”

ಮದುವೆ ಮನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮಲ್ಲಿ ಒಬ್ಬ ತಿನ್ನುತ್ತಿರುವಾಗ ಇನ್ನೊಬ್ಬ ಕಣ್ಣೆದುರಿಗಿದ್ದರೆ “ಬಾಯಿ ಮುಟ್ಟಿಸು” ಅನ್ನಬೇಕು. ಆ ಇನ್ನೊಬ್ಬ ಒಂದು ಚೂರಾದರೂ, ಒಂದು ಗುಟುಕಾದರೂ ಬಾಯಿಗೆ ಮುಟ್ಟಿಸಬೇಕು. ಹಾಗೆನ್ನದವನೂ ಬಾಯಿ ಮುಟ್ಟಿಸದವನೂ ಮನುಷ್ಯರ ಲೆಕ್ಕದಲ್ಲಿಲ್ಲ. ಎಂಟು ಮಂಚದ ಕೋಣೆಯಲ್ಲಿ ಎಂಟು ಬಾಟಲಿ ಒಂದೇ ಹೊತ್ತಿಗೆ ಬಿಚ್ಚಿದರೆ ಏನಾಗಬೇಕೋ ಅದೇ ಆಯಿತು. ಮೊದಲ ಸಂಜೆ ಜೊರೊ ತನ್ನದನ್ನು ಬಿಚ್ಚಿ ಆಚೆ ಪಕ್ಕದ ಮಾರ್ಸ್‌ನ ಕಡೆ ಚಾಚಿದ. ಮಾರ್ಸ್ ಒಂದು ಗುಟುಕು ಕುಡಿದು ತನ್ನದನ್ನು ಓಮೋರ್‌ಗೆ ಚಾಚಿದ. ಬಾಟಲಿಗಳು ಮಂಚದಿಂದ ಮಂಚಕ್ಕೆ ಹೋಗಿ ಬರುವುದರಲ್ಲೇ ಸಂಜೆ ಕಳೆಯಿತು. ನಾನು ಹೊಟ್ಟೆನೋವು ಅಂತ ಕಂಬಳಿ ಎಳೆದುಕೊಂಡೆ.

ಮಾರನೇ ದಿನ ಜೊರೊ ಅಡುಗೆಮನೆಯಿಂದ ದೊಡ್ಡದೊಂದು ಬೋಗುಣಿ ತಂದ.

“ಹಿಂಗೆ ಗುಟುಕು ಗುಟುಕು ಓಡಾಡೋದ್ಯಾಕೆ? ಎಲ್ಲಾರೂ ಇದಕ್ಕೇ ಸುರೀರಿ.”

“ಅವರವರದ್ದು ಅವರವರೇ ಕುಡೀರಿ ಅಂದಿದಾರಲ್ಲೋ ಎಜೆ,” ಅಂದ ಓಮೋರ್. ಶಾಲೆ ಪೂರ್ತಿ ಮುಗಿಸಿದವನು ಅವನೊಬ್ಬನೇ.

“ಅದು ಮರ್ಯಾದೆ ಮಾತು ಕಣೋ. ನಮ್ಮಮ್ಮನೂ ನೆಂಟರ ಮನೇಲಿ ‘ಬೇಡ ಬೇಡ, ಹೊಟ್ಟೆ ತುಂಬಿದೆ’ ಅಂತಾಳೆ. ಹಾಗಂತ ಬಡಿಸದೆ ಬಿಡ್ತಾರಾ? ಬಿಟ್ಟು ನೋಡು, ಸಾಯೋವರೆಗೂ ಆಡ್ಕೋತಾಳೆ.”

ಓಮೋರ್ ತನ್ನ ಬಾಟಲಿಯ ಮುಚ್ಚಳ ತಿರುಗಿಸಿದ. ಏಳು ಬಾಟಲಿ ಬೋಗುಣಿಗೆ ಬಿದ್ದವು. ಜೊರೊ ಬಟ್ಟಲಲ್ಲಿ ಮೊಗೆದು, ಕುದುರೆ ಹಾಲು ಹಂಚುವ ಮನೆಯ ಯಜಮಾನನ ಹಾಗೆ, ಬಲದಿಂದ ಶುರುಮಾಡಲು ಹೊರಟ. ಆಗ ನನ್ನನ್ನು ನೋಡಿದ.

“ಕೆಂಜೆ, ನಿಂದು?”

“ನಂದು ನನಗೇ.”

“ಇನ್ನೂ ಹೊಟ್ಟೆನೋವಾ?”

“ಹುಷಾರಾಗೇ ಇದೀನಿ. ಎಜೆ ಹೇಳಿದ ಹಾಗೆ ಕುಡೀತೀನಿ. ನೀವು ಮಾಡ್ತಿರೋದು ತಪ್ಪು. ಎಲ್ಲಾ ಹಾಳಾಗುತ್ತೆ.”

“ಅಯ್ಯಯ್ಯೋ, ವಿಜ್ಞಾನಿ!” ಅಂದ ಮಾರ್ಸ್. “ದಾರಿ ಬಿಡ್ರಪ್ಪಾ, ಎಂಟನೇ ಕ್ಲಾಸಿನ ವಿಜ್ಞಾನಿ ಬರ್ತಿದಾನೆ.”

ನಾನು ಬಾಟಲಿ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಕುಡಿದೆ. ಹುಳಿ ಎಂದರೆ ಹಲ್ಲು ಜುಂ ಅನ್ನುವಷ್ಟು ಹುಳಿ, ನಾಲಿಗೆಗೆ ಅಂಟುವ ಕೆಂಪು. ಇದೇ ನಿಜವಾದ ರಸ, ಅನುಮಾನವೇ ಇಲ್ಲ ಅನ್ನಿಸಿತು. ಒಳ್ಳೆಯ ಭಾನುವಾರ ಬೇಕಾಗಿದ್ದದ್ದು ನನಗೆ. ಅದು ಏಳು ಬಾಯಿಗೆ ಹಂಚಿಹೋದರೆ ನನಗೇನು ಉಳಿಯುತ್ತಿತ್ತು? ಅಂದಿನಿಂದ ನನ್ನ ಹೆಸರು ಮೆಟ್ಟಿಲ ಸಾಹುಕಾರ. ದಿನಾ ಎರಡು ಸಲ ನಾನು ಬಾಟಲಿ ಹಿಡಿದು ಎದ್ದಾಗಲೆಲ್ಲ ಏಳೂ ಜನ ಎದ್ದು ನಿಂತು ಎದೆಗೆ ಕೈಯಿಟ್ಟು ಬಾಗುತ್ತಿದ್ದರು.

ಮೈ ಮುರಿಯುವ ದಿನ ಆಗಾಯ್ ನಮ್ಮನ್ನು ಹಿಂದಿನ ಗುಡ್ಡಕ್ಕೆ ಕರೆದೊಯ್ದರು. ಏರಿದ್ದು ಬರಿ ಮೈಯಲ್ಲಿ, ಇಳಿದದ್ದು ಬೆನ್ನ ಮೇಲೆ ಜೊತೆಗಾರನನ್ನು ಹೊತ್ತು. ಏರುವುದಕ್ಕಿಂತ ಇಳಿಯುವುದೇ ತೊಡೆಯನ್ನು ಒಳಗಿಂದ ಹರಿಯುತ್ತದೆ. ಮತ್ತೆ ಏರು, ಮತ್ತೆ ಇಳಿ. ಜೊರೊನನ್ನು ಹೊರಲು ಯಾರೂ ಮುಂದೆ ಬರಲಿಲ್ಲ. “ನಾನು ಯಾರ ಮನೆತನಾನೂ ಹಾಳು ಮಾಡಲ್ಲ,” ಅಂತ ಅವನು ಮರಳಿನ ಮೂಟೆ ಹೊತ್ತ. ಕೆಳಗೆ ಎಜೆ ಸೂಜಿ ಹಿಡಿದು ಕಾಯುತ್ತಿದ್ದರು.

“ನನಗೆ ನೋವು ಕಡಿಮೆ ಇದೆ,” ಅಂದೆ ಮಾರನೇ ಬೆಳಗ್ಗೆ. ಹಾಗೆ ಅನ್ನಿಸಿಯೂ ಇತ್ತು.

“ಕಡಿಮೆ ಇರೋನು ಮೆಟ್ಟಿಲನ್ನ ಹಿಂದುಹಿಂದಕ್ಕೆ ಯಾಕೆ ಇಳೀತಿದೀಯ ಸಾಹುಕಾರ?” ಅಂದ ಜೊರೊ.

ಕೆಲವು ದಿನ ಕಳೆದು ಎಜೆ ಮತ್ತೆ ಬಂದರು. ಮುಖ ಸರಿಯಿರಲಿಲ್ಲ. ನಮ್ಮನ್ನೆಲ್ಲ ಗರಡಿಯ ಚಾಪೆಯ ಮೇಲೆ ಕೂರಿಸಿದರು. ಆಗಾಯ್ ಕೈಕಟ್ಟಿ ಗೋಡೆಗೆ ಒರಗಿ ನಿಂತರು.

“ನನ್ನ ಕೆಲಸದಲ್ಲಿ ಎಲ್ಲೋ ತಪ್ಪಾಗಿದೆ,” ಅಂದರು ಎಜೆ. “ರಕ್ತದ ಲೆಕ್ಕದಲ್ಲಿ ನಾಲ್ಕು ಜನ ಒಂದು ಥರ, ನಾಲ್ಕು ಜನ ಇನ್ನೊಂದು ಥರ ಇರಬೇಕಿತ್ತು. ಇಲ್ಲಾ, ಎಲ್ಲರೂ ಕಲಸುಮೇಲೋಗರ ಆಗಿದ್ರೆ ರಸದಲ್ಲಿ ಏನೂ ಇಲ್ಲ ಅಂತಾದ್ರೂ ಅನ್ಕೋತಿದ್ದೆ. ಏಳು ಜನ ಹತ್ತಿರ ಹತ್ತಿರ ಇದೀರಿ. ಒಬ್ಬನ ಉರಿ ಮಾತ್ರ ಎಲ್ಲರಿಗಿಂತ ಎಷ್ಟೋ ಮೇಲಿದೆ. ಬಾಟಲಿ ಅದಲು ಬದಲು ಮಾಡ್ಕೊಂಡ್ರಾ?”

“ಛೆ ಛೆ, ಇಲ್ಲ ಎಜೆ,” ಅಂದ ಜೊರೊ ಎದೆಯುಬ್ಬಿಸಿ. “ಹಂಚಿಕೊಂಡು ಕುಡಿದ್ವಿ.”

“ಅಂದ್ರೆ?”

“ಒಂದೇ ಬೋಗುಣಿಗೆ ಸುರಿದು, ಬಟ್ಟಲು ಸುತ್ತು ಹಾಕಿ. ಒಬ್ಬನಿಗೂ ಒಂದು ಹನಿ ಹೆಚ್ಚು ಕಮ್ಮಿ ಮಾಡಿಲ್ಲ, ಬೇಕಾದ್ರೆ ಕೇಳಿ. ಇವನೊಬ್ಬ ಮೆಟ್ಟಿಲ ಮೇಲೆ ಕೂತು ಒಂಟಿಯಾಗಿ ಕುಡಿದ.”

ಎಜೆ ಅವನನ್ನು ನೋಡಿದರು. ನನ್ನನ್ನು ನೋಡಿದರು. ಹಾಗೇ ಚಾಪೆಯ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆವು. ಭುಜ ಕುಲುಕುತ್ತಿತ್ತು. ಕೈ ತೆಗೆದಾಗ ಕಣ್ಣಲ್ಲಿ ನೀರು, ಆದರೆ ನಗು.

“ನಾನೂ ಇದೇ ನೀರು ಕುಡಿದು ಬೆಳೆದವಳು. ನಮ್ಮಜ್ಜಿ ರಸ್ತೇಲಿ ಹೋಗೋರನ್ನೂ ಕರೆದು ಬಾಯಿ ಮುಟ್ಟಿಸೋಳು. ನನಗೆ ಇದು ಹೊಳೀಲಿಲ್ವಲ್ಲಾ! ವರದಿಯಲ್ಲಿ ಏನಂತ ಬರೀಲಿ? ಸಂಸ್ಕಾರ ಜಾಸ್ತಿಯಾಗಿ ಪ್ರಯೋಗ ಕೆಟ್ಟಿತು ಅಂತಲಾ?”

ಆಮೇಲೆ ಗೆಳತಿಗೆ ಫೋನ್ ಮಾಡಿದರು. ಒಂದು ನಿಮಿಷ ಕೇಳಿಸಿಕೊಂಡು ಇಟ್ಟರು. ಹೇಳಲೋ ಬೇಡವೋ ಅನ್ನುವಂತೆ ನನ್ನ ಕಡೆ ತಿರುಗಿದರು.

“ಕೆಂಜೆ, ನಿನ್ನ ಬಾಟಲಿಲಿ ಇದ್ದದ್ದು ಬಣ್ಣದ ನೀರು.”

ಗರಡಿಯ ಮಾಡು ಹಾರಿಹೋಗುವ ಹಾಗೆ ನಕ್ಕರು. ಮಾರ್ಸ್ ಚಾಪೆಯ ಮೇಲೆ ಉರುಳಿದ. ಜೊರೊನ ಹೊಟ್ಟೆ ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಗುತ್ತಿತ್ತು. ನನಗೆ ಯಾರ ಕುತ್ತಿಗೆ ಹಿಡಿಯಬೇಕೋ ತಿಳಿಯಲಿಲ್ಲ. ವಾರವಿಡೀ ಕಾಪಾಡಿಕೊಂಡ ನನ್ನ ಔಷಧ ಸಕ್ಕರೆ ನೀರು. ಹಂಚಿಕೊಂಡವರಿಗೆಲ್ಲ ಅರ್ಧರ್ಧವಾದರೂ ಚೆರಿ ಸಿಕ್ಕಿತ್ತು.

ನಗದಿದ್ದವರು ಆಗಾಯ್ ಒಬ್ಬರೇ. ಗೋಡೆ ಬಿಟ್ಟು ಮುಂದೆ ಬಂದರು.

“ಎಲ್ಲರಿಗಿಂತ ಉರಿ ಯಾರದ್ದು ಅಂದೆ ಮಗಳೇ?”

“ಇವನದ್ದು.”

“ನೋಡಿದ್ರಾ!” ಅಂತ ನನ್ನ ಬೆನ್ನಿಗೆ ಬಾರಿಸಿದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. “ಏಳು ಒಲೆ ಆರಿ ಕೂತಿವೆ. ಕೆಂಡ ಇರೋದು ಇವನೊಬ್ಬನಲ್ಲಿ. ಇದನ್ನೇ ನಾನು ಹದಿನೈದು ವರ್ಷದಿಂದ ಬಡ್ಕೋತಿರೋದು.”

“ಒಬ್ಬನ ರಕ್ತದಿಂದ ಏನೂ ಸಾಬೀತಾಗಲ್ಲ ಆಗಾಯ್. ಇವನ ಮೈಯೇ ಹಾಗಿರಬಹುದು. ಆದ್ರೆ ನೀವಂದಿದ್ದು ಅರ್ಧ ಸರಿ. ಅಭ್ಯಾಸದ ದಿನಗಳಲ್ಲಿ ಆ ಉರಿ ಬೇಕು, ಅದನ್ನ ಪೂರ್ತಿ ಆರಿಸಿಬಿಟ್ರೆ ಮೈ ಕಲಿಯೋದೇ ಇಲ್ಲ. ಪಂದ್ಯದ ನಡುವಿನ ರಾತ್ರಿ ಅದು ಯಾಕೆ ಬೇಕು? ಆ ರಾತ್ರಿ ಏನೂ ಕಲಿಯೋದಿರಲ್ಲ, ಬೆಳಗ್ಗೆ ಎದ್ದು ನಿಲ್ಲೋದಷ್ಟೇ.”

“ಕುದುರೆಗೆ ಹಗಲು ರಾತ್ರಿ ಬೇರೆ ಬೇರೆ ಕಾನೂನಿಲ್ಲ,” ಅಂದರು ಆಗಾಯ್. ಮಾತು ಮುಗಿಯಿತು.

ಎಜೆ ಗಾಡಿ ಹತ್ತುವಾಗ ನಾನು ಪೆಟ್ಟಿಗೆ ಎತ್ತಿ ಕೊಟ್ಟೆ. “ಚೆರಿ ರಸಾನ ಪಂದ್ಯದ ಹಿಂದಿನ ರಾತ್ರಿ ಒಂದೇ ಸಲ ಕುಡಿದ್ರೆ ಪ್ರಯೋಜನ ಕಡಿಮೆ,” ಅಂದರು ಮೆಲ್ಲಗೆ. “ಕೆಲವು ದಿನ ಮುಂಚಿನಿಂದ ಶುರು ಮಾಡ್ಬೇಕು. ಮನೇಲಿ ಕಾಯಿಸಿದ್ದು ತೆಳು ಇರುತ್ತೆ, ಸ್ವಲ್ಪ ಜಾಸ್ತಿ ಬೇಕು. ಆಗಿಯೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ.”

ನಮ್ಮ ಮನೆಯ ಚೆರಿ ಮರಕ್ಕೆ ಹಿಂದಿನ ವಸಂತದಲ್ಲಿ ಹಿಮ ಹೊಡೆದಿತ್ತು, ಜಾಡಿಗಳು ಖಾಲಿ. ಜೊರೊನ ಮನೆಯಿಂದ ಮಾತ್ರ ಪ್ರತಿ ವಾರ ಜಾಡಿ ಬರುತ್ತಿತ್ತು. ಬಾಟಲಿ ಮುಗಿದ ಮೇಲೂ ಆ ಏಳು ಜನ ಬೋಗುಣಿ ಬಿಟ್ಟಿರಲಿಲ್ಲ. ಈಗ ಅದರಲ್ಲಿ ಜೊರೊನ ಅಮ್ಮನ ಚೆರಿ, ಆಗಾಯ್ ಕಣ್ಣು ತಪ್ಪಿಸಿ.

ಕರಾಕೋಲ್‌ಗೆ ಹೊರಡಲು ಒಂದು ವಾರವಿತ್ತು. ಒಂದು ಸಂಜೆ ಬಟ್ಟಲು ಸುತ್ತುತ್ತಿದ್ದಾಗ ನಾನು ಮಂಚದಿಂದ ಎದ್ದೆ. ಹೋಗಿ ಓಮೋರ್‌ಗೂ ಮಾರ್ಸ್‌ಗೂ ನಡುವೆ ಕೂತೆ. ಬಟ್ಟಲು ಮಾರ್ಸ್‌ನ ಕೈಯಿಂದ ಹೊರಟಿತು. ನನ್ನನ್ನು ದಾಟಿ ಹೋಗಿದ್ದರೂ ನಾನು ಏನೂ ಹೇಳುವ ಹಾಗಿರಲಿಲ್ಲ. ಜೊರೊ ಅದನ್ನು ಅರ್ಧದಲ್ಲೇ ಹಿಡಿದು, ಮೇಲಿನವರೆಗೆ ತುಂಬಿಸಿ, ನನ್ನ ಮುಂದೆ ಹಿಡಿದ.

“ಬಾಯಿ ಮುಟ್ಟಿಸು ಸಾಹುಕಾರ. ಇದರಲ್ಲಿ ನೀರಿಲ್ಲ. ನಮ್ಮಮ್ಮನಿಗೆ ಬಣ್ಣ ಕಲಸೋಕೆ ಬರಲ್ಲ.”

ಕುಡಿದೆ. ನಿಜವಾದದ್ದು ಅಷ್ಟೇನೂ ಹುಳಿ ಇರಲಿಲ್ಲ. ಅಂದಿನಿಂದ ದಿನಾ ಎರಡು ಹೊತ್ತೂ ಆ ವೃತ್ತದಲ್ಲಿ ಕೂತೆ.

ಕರಾಕೋಲ್‌ನಲ್ಲಿ ಶನಿವಾರ ನಾನು ಎಂದಿನ ಹಾಗೆ ಎಲ್ಲರನ್ನೂ ಎತ್ತಿ ಹಾಕಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನನ್ನ ಶನಿವಾರ ಎಲ್ಲರಿಗೂ ಗೊತ್ತಿದ್ದದ್ದೇ. ಜೊರೊ ಎರಡನೇ ಸುತ್ತಿನಲ್ಲೇ ಸೋತ. “ನನ್ನನ್ನ ಎತ್ತಿದ ಕಣೋ!” ಅಂದ, ಬೇಜಾರಿಗಿಂತ ಬೆರಗೇ ಹೆಚ್ಚಾಗಿ. “ಪಾಪ, ಅವನ ಸೊಂಟ ಏನಾಯ್ತೋ ನೋಡ್ಕೊಂಡು ಬರ್ಬೇಕು.”

ಸಂಜೆ ಆಗಾಯ್ ನಮ್ಮನ್ನು ಹಾಸ್ಟೆಲಿನ ಗೋಡೆಗೆ ಒರಗಿಸಿ ಕೋಟು ಹೊದಿಸಿದರು. ಫೈನಲ್‌ಗೆ ಉಳಿದವನು ನಾನೊಬ್ಬನೇ. ಚಹಾ ಕೊಟ್ಟು ಕೋಣೆ ಸುತ್ತಿದವರ ಕಾಲಿಗೆ ಮಂಚದ ಕೆಳಗಿನ ಜಾಡಿ ತಗುಲಿತು. ಎಳೆದು ಬೆಳಕಿಗೆ ಹಿಡಿದರು. ಕಾಲು ಭಾಗ ಖಾಲಿಯಾಗಿತ್ತು.

“ಇದೇನಿದು?”

ಜೊರೊ ಎದ್ದ. ಶಾಂತವಾಗಿ ಬಟ್ಟಲಿಗೆ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ. “ನಮ್ಮಮ್ಮ ಕಳಿಸಿದ್ದು ಆಗಾಯ್. ಬಾಯಿ ಮುಟ್ಟಿಸಿ.”

ಆಗಾಯ್ ಆದರೇನು, ಖಾನ್ ಆದರೇನು, ಒಬ್ಬ ತಾಯಿ ಕಳಿಸಿದ್ದಕ್ಕೆ ಬಾಯಿ ಮುಟ್ಟಿಸದೆ ಇರುವ ಹಾಗಿಲ್ಲ. ಅವರು ಬಟ್ಟಲು ನೋಡಿದರು, ಜೊರೊನನ್ನು ನೋಡಿದರು, ಒಂದು ಗುಟುಕು ಕುಡಿದರು. “ಸಕ್ಕರೆ ಸಾಲದು,” ಅಂದರು. ಜಾಡಿಯನ್ನು ಕಿಟಕಿಯ ಆಚೆ ಹಿಮದ ಮೇಲಿಟ್ಟು ಕದ ಎಳೆದುಕೊಂಡರು. “ಪಂದ್ಯ ಮುಗಿದ ಮೇಲೆ ಕುಡೀರಿ.”

ಅವರ ಹೆಜ್ಜೆ ಸಪ್ಪಳ ಹಜಾರದ ಕೊನೆಗೆ ಹೋಗುವವರೆಗೆ ಜೊರೊ ಕಾದ. ಆಮೇಲೆ ಕಿಟಕಿ ತೆಗೆದು ಜಾಡಿ ಒಳಗೆ ತಂದ.

“ಏನೋ ಮಾಡ್ತಿದೀಯ?” ಅಂದ ಓಮೋರ್.

“ಪಂದ್ಯ ಮುಗಿದ ಮೇಲೆ ಅಂದ್ರಲ್ಲ. ನನ್ನ ಪಂದ್ಯ ಮುಗೀತು.” ಬಟ್ಟಲು ತುಂಬಿಸಿಕೊಂಡು ನನ್ನೆದುರು ಕೂತ. ಒಂದು ಗುಟುಕು ಹೀರಿದ. “ಈಗ ನಾನು ಕುಡೀತಿದೀನಿ, ನೀನು ಎದುರಿಗಿದೀಯ. ಏನು ಮಾಡೋದು? ಬಾಯಿ ಮುಟ್ಟಿಸು.”

ಆ ಸಂಜೆ ಬಟ್ಟಲು ಸುತ್ತು ಹಾಕಲಿಲ್ಲ. ಪ್ರತಿ ಸಲವೂ ಅವರು ಒಬ್ಬೊಬ್ಬರಾಗಿ ತುಟಿ ಒದ್ದೆ ಮಾಡಿಕೊಂಡು ನನಗೇ ದಾಟಿಸಿದರು, ಮಾರ್ಸ್ ಕೂಡ.

ಭಾನುವಾರ ಬೆಳಗ್ಗೆ ನೋವಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ತೊಡೆ ಬಿಗಿದಿತ್ತು, ಹೆಗಲು ಭಾರವಾಗಿತ್ತು. ಕಂಬಳಿಯೊಳಗೇ ಬಲಗೈ ಮಡಚಿದೆ. ಬೆರಳು ಅಂಗೈಗೆ ಮುಟ್ಟಿದವು. ಎಡಗೈ ಮಡಚಿದೆ. ಮುಟ್ಟಿದವು. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಿಚ್ಚಿಹೋಗುತ್ತದೆ ಅನ್ನುವ ಹಾಗೆ ಮುಷ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಕ್ರೀಡಾಂಗಣಕ್ಕೆ ನಡೆದೆ.

ಎದುರಿಗೆ ನಾರಿನ್‌ನ ಅದೇ ಹುಡುಗ. ಅವನ ಭುಜಕ್ಕೆ ಬಿಳಿ ಪಟ್ಟಿ ಸುತ್ತಿದ್ದರು. ಒಬ್ಬರ ಸೊಂಟ ಒಬ್ಬರು ಹಿಡಿದೆವು. ನನ್ನ ಮುಂಗೈ ನಡುಗಲು ಕಾಯುತ್ತಾ ಅವನು ಸುಮ್ಮನೆ ಭಾರ ಹಾಕಿದ. ಬಾಲಿಕ್ಚಿಯಲ್ಲಿ ಹಾಗೇ ಗೆದ್ದಿದ್ದ. ನಾನೂ ಕಾದೆ. ಎಷ್ಟು ಹೊತ್ತು ಹಾಗೆ ನಿಂತೆವೋ, ಅವನ ಉಸಿರು ನನ್ನ ಕಿವಿಯಲ್ಲಿ ಬಿರುಸಾಯಿತು. ನನ್ನ ಕೈ ಜಾರುವುದಿಲ್ಲ ಎಂದು ಅವನಿಗೆ ಗೊತ್ತಾದ ಕ್ಷಣ ನನಗೂ ಗೊತ್ತಾಯಿತು. ಅವನು ಒಂದು ಹೆಜ್ಜೆ ಬದಲಿಸಿದ. ಆ ಹೆಜ್ಜೆಯ ಕೆಳಗೆ ನಾನು ನುಗ್ಗಿ ಎತ್ತಿದೆ. ಅವನ ಬೆನ್ನು ಚಾಪೆಗೆ ತಾಗಿದ ಸದ್ದು ಮೆತ್ತಗಿತ್ತು.

ಎದ್ದು ಇಬ್ಬರೂ ಅಪ್ಪಿಕೊಂಡೆವು. “ಭುಜ ಹೇಗಿದೆ?” ಅಂದೆ. “ಇತ್ತು,” ಅಂದ ಅವನು ನಕ್ಕು.

ಟೀವಿಯವರ ಕ್ಯಾಮೆರಾ ಬಂತು, ಕುಸ್ತಿ ಸಂಘದ ದೊಡ್ಡವರು ಬಂದರು. ಆಗಾಯ್ ನನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು ಮೈಕಿನ ಮುಂದೆ ತಂದರು. ಅವರ ಕಣ್ಣು ಒದ್ದೆಯಾಗಿತ್ತು. ಜನರ ಹಿಂದೆ ಬೆಗಾಯಿಮ್ ಎಜೆ ನಿಂತಿದ್ದರು, ಅದೇ ಪೆಟ್ಟಿಗೆ ಹಿಡಿದು. ಅವರ ಪಕ್ಕದಲ್ಲಿ ಜೊರೊ.

“ಇದು ನಮ್ಮಪ್ಪನ ವಿದ್ಯೆ,” ಅಂದರು ಆಗಾಯ್ ಮೈಕಿಗೆ. “ಈಗ ಹಣ್ಣಿನ ರಸ, ಬಾಟಲಿ, ಏನೇನೋ ಬಂದಿದೆ. ಈ ಹುಡುಗ ನಿನ್ನೆ ಚಹಾ, ಸಾರು ಬಿಟ್ಟು ಒಂದು ಹನಿ ಬಾಯಿಗೆ ಹಾಕಿಲ್ಲ. ಉರಿಯನ್ನ ಉಂಡು ಮಲಗಿದಾನೆ. ಹೇಳೋ ಕೆಂಜೆ, ಇವರಿಗೆಲ್ಲ ಕೇಳೋ ಹಾಗೆ ಹೇಳು. ಏನು ಕುಡಿದೆ ನಿನ್ನೆ?”

ಮೈಕು ನನ್ನ ಬಾಯಿಗೆ ಬಂತು. ಎಜೆ ನನ್ನನ್ನೇ ನೋಡುತ್ತಿದ್ದರು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಕುಡಿದೆ ಅಂದರೆ ಆ ಒದ್ದೆ ಕಣ್ಣಿನ ಮುದುಕ ಊರೆಲ್ಲರ ಮುಂದೆ ಸುಳ್ಳುಗಾರ. ಇಲ್ಲ ಅಂದರೆ ಸುಳ್ಳುಗಾರ ನಾನು, ಜೊರೊನ ಅಮ್ಮ ಮಾಡಿದ್ದಕ್ಕೆ ಮಣ್ಣು ಹಾಕಿದವನು. ಗೆಲ್ಲಿಸಿದ್ದು ಚೆರಿಯೋ, ಆ ಗುಡ್ಡವೋ, ನಾರಿನ್‌ನ ಹುಡುಗನ ಭುಜದ ಪಟ್ಟಿಯೋ, ನನಗಾದರೂ ಏನು ಗೊತ್ತು? ನಾಲಿಗೆಯ ತುದಿಗೆ ಬಂದದ್ದು ಇವು ಯಾವುವೂ ಅಲ್ಲ, ಒಂದು ಕೆಟ್ಟ ಬೈಗುಳ.

“ಹೇಳೋ,” ಅಂದರು ಆಗಾಯ್, ಕುತ್ತಿಗೆ ಒತ್ತಿ.

ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ. ಸೊಂಟದ ಪಟ್ಟಿ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಕ್ಯಾಮೆರಾದವನು ದಾರಿ ಬಿಟ್ಟ. ಹಿಂದಿನಿಂದ ಇನ್ನೊಂದು ಸಲ ನನ್ನ ಹೆಸರು ಕೇಳಿಸಿತು, ನಾನು ಬಾಗಿಲ ಕಡೆಗೆ ನಡೆಯುತ್ತಲೇ ಇದ್ದೆ.